ಶರಾವತಿ ಹಿನ್ನೀರಿಗೆ ಮನೆಮಂದಿಯೆಲ್ಲ ಹೊರಟಿದ್ದೀರಾ? ಮೊದಲು ನೀರಿನ ಮಟ್ಟ ನೋಡಿ

ನಮ್ಮದು ಸಾಗರ. ದಸರಾ ರಜೆ ಹತ್ತಿರ ಬಂತೆಂದರೆ ಬೆಂಗಳೂರಿನ ಅತ್ತಿಗೆಯ ಫೋನ್ ಬಂದೇ ಬರುತ್ತದೆ. "ಈ ಸಲ ಹಿನ್ನೀರಿಗೆ ಹೋಗೋಣ ಕಣೇ, ಮಕ್ಕಳು ನೀರಲ್ಲಿ ಆಡಬೇಕು ಅಂತ ಕುಣೀತಿದಾವೆ." ಹೀಗೆ ಎಂಟು-ಹತ್ತು ಜನರನ್ನು ಕಟ್ಟಿಕೊಂಡು ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಒಂದಲ್ಲ ಒಂದು ದಡಕ್ಕೆ ಹೋಗುವುದು ನನಗೆ ವರ್ಷಕ್ಕೆ ಎರಡು ಸಲದ ಕೆಲಸವಾಗಿದೆ. ಕೆಲವು ಸಲ ಚೆನ್ನಾಗಿ ಆಗಿದೆ. ಒಂದು ಸಲ ಕಾರು ಹೂತಿದೆ, ಇನ್ನೊಂದು ಸಲ ನೀರೇ ಇಲ್ಲದ ಕೆಂಪು ಬಯಲಿನಲ್ಲಿ ಕೂತು ಚಿತ್ರಾನ್ನ ತಿಂದು ಬಂದಿದ್ದೇವೆ. ಈ ಲೇಖನ ಆ ಪಾಡುಗಳಿಂದ ಕಲಿತದ್ದು.

ಹೊರಗಿನವರು ಹಿನ್ನೀರನ್ನು ದೊಡ್ಡ ಕೆರೆ ಎಂದುಕೊಂಡು ಬರುತ್ತಾರೆ. ಕೆರೆಗೆ ಏರಿ ಇರುತ್ತದೆ, ಸೋಪಾನ ಇರುತ್ತದೆ, ದಡ ಇದ್ದಲ್ಲೇ ಇರುತ್ತದೆ. ಇಲ್ಲಿ ದಡಕ್ಕೆ ಜಾಗ ಎಂಬುದೇ ಇಲ್ಲ. ಅಕ್ಟೋಬರಿನಲ್ಲಿ ನೀವು ಕಾಲು ತೊಳೆದ ಜಾಗ ಮೇ ತಿಂಗಳಲ್ಲಿ ನೀರಿನಿಂದ ಅರ್ಧ ಮೈಲಿ ದೂರದ ಗುಡ್ಡವಾಗಿರುತ್ತದೆ. ಎಲ್ಲಿ ಕೂರಬೇಕು, ಕಾರು ಎಲ್ಲಿ ನಿಲ್ಲಿಸಬೇಕು, ಮಕ್ಕಳನ್ನು ಎಷ್ಟು ದೂರ ಬಿಡಬೇಕು ಎಂಬುದೆಲ್ಲ ಆ ದಿನದ ಮಟ್ಟದ ಮೇಲೆ ನಿಂತಿದೆ.

1. ಪೇಪರಿನ ಮೂಲೆಯ ಲೆಕ್ಕ ಓದಿ

ಕನ್ನಡ ದಿನಪತ್ರಿಕೆಗಳಲ್ಲಿ ಮಳೆಗಾಲದಲ್ಲಂತೂ ದಿನಾ ಜಲಾಶಯಗಳ ಮಟ್ಟದ ಪಟ್ಟಿ ಬರುತ್ತದೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಇದು ಸಮುದ್ರ ಮಟ್ಟದಿಂದ ಅಳೆದದ್ದು, ನೀರಿನ ಆಳ ಅಲ್ಲ. ಪಕ್ಕದಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು ಇರುತ್ತದೆ. ಹರಿವನ್ನು ಕ್ಯುಸೆಕ್‌ನಲ್ಲಿ ಕೊಡುತ್ತಾರೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದಾಜು 28 ಲೀಟರ್. ಎರಡು ಕೊಡಪಾನಕ್ಕೆ ಸ್ವಲ್ಪ ಕಮ್ಮಿ ಎಂದುಕೊಳ್ಳಿ.

ಮಟ್ಟ 1810ರ ಮೇಲಿದ್ದರೆ ನೀರು ಕಾಡಿನ ಅಂಚಿನವರೆಗೂ ಬಂದಿರುತ್ತದೆ. ನೋಡಲು ಅದೇ ಚೆಂದ. ಆದರೆ ಕೂರಲು ಬಯಲು ಸಿಗುವುದಿಲ್ಲ. 1790ರ ಆಸುಪಾಸಿಗೆ ಬಂದಾಗ ದಡದಲ್ಲಿ ಹುಲ್ಲು ಚಿಗುರಿದ ಅಗಲ ಪಟ್ಟಿಗಳು ಸಿಗುತ್ತವೆ. ಅದಕ್ಕಿಂತ ಇನ್ನೂ ಬಹಳ ಇಳಿದರೆ ಕೆಂಪು ಮಣ್ಣು, ಅರವತ್ತು ವರ್ಷ ನೀರಿನಲ್ಲಿ ನೆನೆದ ಕಪ್ಪು ಮರದ ಬೊಡ್ಡೆಗಳು, ಅಷ್ಟೇ. ಆ ನೋಟಕ್ಕೂ ಒಂದು ಸೊಗಸು ಇದೆ, ಆದರೆ ನೀರಾಟದ ಆಸೆಯಿಂದ ಬಂದ ಮಕ್ಕಳಿಗೆ ಅದನ್ನು ವಿವರಿಸುವುದು ಕಷ್ಟ.

ಅಂಕಿಗಿಂತ ಮುಖ್ಯವಾದದ್ದು, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು. ಜುಲೈ-ಆಗಸ್ಟಿನಲ್ಲಿ ಘಟ್ಟದಲ್ಲಿ ಮಳೆ ಹಿಡಿದರೆ ಮಟ್ಟ ಒಂದೇ ದಿನಕ್ಕೆ ಎರಡಡಿ ಏರಿದ್ದೂ ಇದೆ. ದಡ ಇಪ್ಪತ್ತಡಿಗೆ ಒಂದಡಿಯ ಲೆಕ್ಕದಲ್ಲಿ ಇಳಿಜಾರಾಗಿದ್ದರೆ ಎರಡಡಿ ಏರಿಕೆ ಎಂದರೆ ನೀರು ನಲವತ್ತು ಅಡಿ ನಿಮ್ಮ ಕಡೆಗೆ ನಡೆದು ಬಂದಂತೆ. ಮಳೆ ನಿಂತ ಮೇಲೆ ಲೆಕ್ಕ ತಿರುಗುತ್ತದೆ. ಈ ಅಣೆಕಟ್ಟು 1964ರಲ್ಲಿ ಕಟ್ಟಿ ಮುಗಿದದ್ದೇ ಕರೆಂಟಿಗಾಗಿ. ವರ್ಷಪೂರ್ತಿ ನೀರು ತಳಕಳಲೆ ಎಂಬ ಸಣ್ಣ ಜಲಾಶಯಕ್ಕೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಘಟ್ಟ ಇಳಿದು ಟರ್ಬೈನ್ ತಿರುಗಿಸುತ್ತದೆ. ಹಾಗಾಗಿ ಅಕ್ಟೋಬರಿನಿಂದ ಮುಂದಿನ ಮಳೆಯವರೆಗೆ ಮಟ್ಟ ದಿನಾ ಬೆರಳು ಎರಡು ಬೆರಳಷ್ಟು ಇಳಿಯುತ್ತಲೇ ಇರುತ್ತದೆ.

2. ತಿಂಗಳು ಆರಿಸಿ

ನನ್ನ ಮಟ್ಟಿಗೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಮಳೆ ಬಿಟ್ಟಿರುತ್ತದೆ, ಕಾಡು ಹಸಿರಾಗಿರುತ್ತದೆ, ಬೆಳಿಗ್ಗೆ ನೀರಿನ ಮೇಲೆ ಹಾಲಿನ ಹಬೆಯಂತೆ ಮಂಜು. ಜನವರಿ-ಫೆಬ್ರುವರಿಯಲ್ಲಿ ಹುಲ್ಲುದಡ ಅಗಲವಾಗುತ್ತದೆ, ಕ್ರಿಕೆಟ್ ಆಡಲು ಜಾಗ ಸಿಗುತ್ತದೆ. ಆದರೆ ಉಣುಗಿನ, ಅಂದರೆ ಉಣ್ಣೆಹುಳುವಿನ, ಕಾಟ ಶುರುವಾಗುವುದೂ ಆಗಲೇ. ಅದರ ವಿಷಯ ಮುಂದೆ.

ಏಪ್ರಿಲ್-ಮೇ ತಿಂಗಳಲ್ಲಿ ಬರಬೇಕೆಂದರೆ ನೀರಿಗಾಗಿ ಬರಬೇಡಿ, ನೀರಿನ ಅಡಿ ಏನಿತ್ತು ಎಂದು ನೋಡಲು ಬನ್ನಿ. ಮಳೆ ಕಮ್ಮಿಯಾದ ವರ್ಷಗಳಲ್ಲಿ ಮಡೆನೂರು ಅಣೆಕಟ್ಟು, ಅಂದರೆ ಹಿರೇಭಾಸ್ಕರ ಅಣೆಕಟ್ಟು, ನೀರಿನಿಂದ ಮೇಲೆದ್ದು ಕಾಣುತ್ತದೆ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರು ಒದಗಿಸಲು ಕಟ್ಟಿದ ಹಳೆಯ ಅಣೆಕಟ್ಟು ಅದು. ಲಿಂಗನಮಕ್ಕಿ ತುಂಬಿದ ಮೇಲೆ ಅಣೆಕಟ್ಟೇ ಮುಳುಗಿಹೋಯಿತು. ಈಗಲೂ ಗೋಡೆ ಗಟ್ಟಿಯಾಗಿ ನಿಂತಿದೆ. ನೋಡುವಂಥದ್ದೇ, ಅನುಮಾನವಿಲ್ಲ. ಆದರೆ ಅದರ ಸುತ್ತ ಅಲ್ಲಲ್ಲಿ ಆಳದ ಮಡುಗಳೂ ಕೆಸರೂ ಇರುತ್ತವೆ. ಚಿಕ್ಕ ಮಕ್ಕಳನ್ನೂ ಮೊಣಕಾಲು ನೋವಿನವರನ್ನೂ ಕರೆದುಕೊಂಡು ಹೋಗುವ ಜಾಗವಲ್ಲ. ಹೋಗುವವರು ಊರಿನವರನ್ನು ಜೊತೆಗೆ ಕರೆದುಕೊಂಡೇ ಹೋಗಿ.

ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಜೋಗ ನೋಡಿ, ಬಿಸಿ ಮಿರ್ಚಿ ತಿನ್ನಿ, ಮನೆಗೆ ಹೋಗಿ. ದಡಕ್ಕೆ ಇಳಿಯಬೇಡಿ. ಅಣೆಕಟ್ಟಿನ ಕೆಳಗಿನ ಹೊಳೆಪಾತ್ರಕ್ಕಂತೂ ಕಾಲಿಡುವ ಮಾತೇ ಇಲ್ಲ; ಗೇಟು ಎತ್ತಿದರೆ ಒಣಗಿದ ಬಂಡೆಗಳ ನಡುವೆ ನೀರು ನುಗ್ಗಿ ಬರಲು ಹೆಚ್ಚು ಹೊತ್ತು ಬೇಕಿಲ್ಲ.

3. ಯಾವ ದಡ?

ಹಿನ್ನೀರಿಗೆ ನೂರಾರು ಮೂಲೆಗಳಿವೆ, ಎಲ್ಲಿ ಇಳಿದರೂ ನೀರೇ. ಜೊತೆಯಲ್ಲಿ ಯಾರಿದ್ದಾರೆ ಎಂದು ನೋಡಿ ಆರಿಸಿ.

ಅಜ್ಜ-ಅಜ್ಜಿ ಇದ್ದರೆ ಹೊಳೆಬಾಗಿಲು–ಸಿಗಂದೂರು ದಾರಿ. ರಸ್ತೆ ನೀರಿನವರೆಗೂ ಚೆನ್ನಾಗಿದೆ, ನಡೆಯುವ ಕಷ್ಟವಿಲ್ಲ. ಮೊದಲು ಇಲ್ಲಿ ಲಾಂಚ್ ಇತ್ತು. ಕಾರು, ಬಸ್ಸು, ಬೈಕು, ಜನ ಎಲ್ಲವನ್ನೂ ಹೇರಿಕೊಂಡು ಲಾಂಚ್ ದಾಟುವುದೇ ನಮ್ಮ ಬಾಲ್ಯದ ದೊಡ್ಡ ಪ್ರವಾಸ. ಬೇಸಿಗೆಯಲ್ಲಿ ಮಟ್ಟ ತೀರಾ ಇಳಿದರೆ ವಾಹನ ಹತ್ತಿಸುವುದನ್ನು ನಿಲ್ಲಿಸಿಬಿಡುತ್ತಿದ್ದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸುಮಾರು 2.4 ಕಿ.ಮೀ. ಉದ್ದ, ತಂತಿಗಳಿಂದ ತೂಗಿ ನಿಲ್ಲಿಸಿದ ಸೇತುವೆ. ಎರಡೂ ಕಡೆ ನೀರು ಕಾಣುತ್ತದೆ, ಕಾರಿನ ಕಿಟಕಿ ಇಳಿಸಿಕೊಂಡು ನಿಧಾನ ಹೋಗಿ. ಸೆಲ್ಫಿಗಾಗಿ ನಡುವೆ ನಿಲ್ಲಿಸಬೇಡಿ, ಹಿಂದೆ ಬರುವವನಿಗೆ ಮಂಜಿನಲ್ಲಿ ನಿಮ್ಮ ಕಾರು ಕಾಣುವುದಿಲ್ಲ. ಆಚೆ ದಡದಲ್ಲಿ ಸಿಗಂದೂರು ಚೌಡೇಶ್ವರಿ. ದೇವಸ್ಥಾನದ ಹತ್ತಿರ ಶೌಚಾಲಯ ಇರುವುದೂ ಒಂದು ಕಾರಣ. ದಡದಲ್ಲಿ ಬೇರೆಲ್ಲೂ ಆ ಅನುಕೂಲವಿಲ್ಲ, ಹೆಂಗಸರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಸಂಕ್ರಾಂತಿಗೆ ಇಲ್ಲಿ ಜಾತ್ರೆ. ಆ ದಿನಗಳಲ್ಲಿ ಜಾತ್ರೆಗೆಂದೇ ಬನ್ನಿ, ಪಿಕ್‌ನಿಕ್ಕಿಗಲ್ಲ.

ಹತ್ತು ವರ್ಷ ದಾಟಿದ ಮಕ್ಕಳಿದ್ದು ದೋಣಿ, ಕಯಾಕ್ ಎಂದೆಲ್ಲ ಆಸೆಯಿದ್ದರೆ ಹೊನ್ನೆಮರಡು. ಸಾಗರದಿಂದ ಸುಮಾರು 25 ಕಿ.ಮೀ. ಅಲ್ಲಿ ಜಲಸಾಹಸದ ಶಿಬಿರ ನಡೆಯುತ್ತದೆ, ಮೊದಲೇ ಮಾತಾಡಿಕೊಂಡು ಹೋಗಬೇಕು. ಸುಮ್ಮನೆ ಹೋಗಿ "ಒಂದು ರೌಂಡ್ ಬಿಡಿ" ಎಂದರೆ ಆಗುವುದಿಲ್ಲ. ಮುಪ್ಪಾನೆಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ, ರಾತ್ರಿ ಉಳಿಯುವವರಿಗೆ ಚೆನ್ನ. ಅದು ಅಭಯಾರಣ್ಯದ ಒಳಗೆ. ಶರಾವತಿ ಕಣಿವೆಯನ್ನು 2019ರಲ್ಲಿ ಸಿಂಗಳೀಕಗಳ ಅಭಯಾರಣ್ಯವೆಂದೂ ಘೋಷಿಸಿದ್ದಾರೆ. ಕರಿ ಮೈಯ, ಬಿಳಿ ಕೇಸರದ ಆ ಕೋತಿ ಕಂಡರೆ ನಿಮ್ಮ ಪುಣ್ಯ. ಬಿಸ್ಕತ್ತು ಎಸೆದು ಪುಣ್ಯ ಕಳೆದುಕೊಳ್ಳಬೇಡಿ.

ಇನ್ನು ಅಣೆಕಟ್ಟಿನ ಮೇಲೇ ಓಡಾಡಬೇಕು ಎಂಬ ಆಸೆ ಬಿಡಿ. ಅದು ಕಾವಲಿರುವ ಜಾಗ.

4. ಹೊರಡುವ ಹೊತ್ತು

ಬೆಂಗಳೂರು, ಮೈಸೂರಿನಿಂದ ತಾಳಗುಪ್ಪಕ್ಕೆ ರೈಲಿದೆ. ಸಾಗರದ ನಿಲ್ದಾಣದ ಹೆಸರು ಸಾಗರ ಜಂಬಗಾರು. ರಾತ್ರಿ ಹತ್ತಿ ಬೆಳಿಗ್ಗೆ ಇಳಿದು ಇಲ್ಲಿಂದ ಗಾಡಿ ಮಾಡಿಕೊಂಡರೆ ಡ್ರೈವ್ ಮಾಡಿದವನು ದಡದಲ್ಲಿ ಗೊರಕೆ ಹೊಡೆಯುವುದು ತಪ್ಪುತ್ತದೆ. ಕಾರಿನಲ್ಲಿ ಬರುವವರು ಸಾಗರದಲ್ಲೇ ಪೆಟ್ರೋಲ್ ಹಾಕಿಸಿ, ಎಟಿಎಂ ಮುಗಿಸಿ, ಶೌಚಾಲಯಕ್ಕೂ ಹೋಗಿ ಬನ್ನಿ. ಮುಂದೆ ಮೊಬೈಲ್ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಯುಪಿಐ ನಂಬಿ ಖಾಲಿ ಜೇಬಿನಲ್ಲಿ ಹೋಗಬೇಡಿ.

ಬೆಳಿಗ್ಗೆ ಒಂಬತ್ತಕ್ಕೆಲ್ಲ ದಡದಲ್ಲಿರಿ. ಮಧ್ಯಾಹ್ನದ ಮೇಲೆ ಗಾಳಿ ಎದ್ದು ಅಲೆ ಹೆಚ್ಚುತ್ತದೆ. ಇಷ್ಟು ಅಗಲದ ನೀರಿನ ಮೇಲೆ ಗಾಳಿಗೆ ಅಡ್ಡ ಏನೂ ಇಲ್ಲ. ನೀರಿನ ಆಟವೆಲ್ಲ ಹನ್ನೆರಡರೊಳಗೆ, ಊಟ, ಒಂದು ನಿದ್ದೆ, ನಾಲ್ಕೂವರೆಗೆ ಗಂಟುಮೂಟೆ ಕಟ್ಟುವುದು. ನೀರಿಗಿಳಿಯದ ಹಿರಿಯರಿಗೆ ಬೇಸರವಾದರೆ ವಾಪಸು ಬರುವಾಗ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಇದೆ, ಸಾಗರದಿಂದ ಆರು ಕಿ.ಮೀ.

5. ಬುತ್ತಿ

ದಡದಲ್ಲಿ ಹೋಟೆಲಿಲ್ಲ. ಒಲೆ ಹೂಡುವ ಯೋಚನೆಯೂ ಬೇಡ, ಒಣಹುಲ್ಲಿಗೆ ಕಿಡಿ ಸಾಕು. ಮನೆಯಿಂದಲೇ ಕಟ್ಟಿಕೊಂಡು ಹೋಗಬೇಕು.

ನಮ್ಮನೆಯ ಪಟ್ಟಿ ಬದಲಾಗುವುದಿಲ್ಲ: ಬೆಳಿಗ್ಗೆಗೆ ಹಚ್ಚವಲಕ್ಕಿ, ಮಧ್ಯಾಹ್ನಕ್ಕೆ ಪುಳಿಯೋಗರೆ, ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ. ಮೊಸರನ್ನದ ಗುಟ್ಟು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊಸರು ಹಾಕಿ ಕಲಸಿದ ಅನ್ನ ಮಧ್ಯಾಹ್ನಕ್ಕೆ ಹುಳಿಯಾಗಿ ಮುಖ ಕಿವುಚುವ ಹಾಗಾಗುತ್ತದೆ. ಬೆಳಿಗ್ಗೆ ಮೆತ್ತಗೆ ಬೆಂದ ಅನ್ನವನ್ನು ಸೌಟಿನಲ್ಲಿ ಹಿಸುಕಿ, ಕಾಯಿಸಿದ ಹಾಲನ್ನು ಅನ್ನ ತೇಲುವಷ್ಟು ಹೊಯ್ದು, ಉಗುರು ಬೆಚ್ಚಗಾದ ಮೇಲೆ ಎರಡು ಚಮಚ ಮೊಸರು ಕದಡಿ ಮುಚ್ಚಿ. ಉಪ್ಪು, ಒಗ್ಗರಣೆಯನ್ನು ಬೇರೆ ಡಬ್ಬಿಯಲ್ಲಿ ಒಯ್ದು ಅಲ್ಲೇ ಕಲಸಿ. ಕಾರಿನ ಬಿಸಿಗೆ ನಾಲ್ಕು ತಾಸಿನಲ್ಲಿ ತಾನಾಗಿ ಹೆಪ್ಪಾಗಿ, ಒಂದು ಗಂಟೆಗೆ ಮುಚ್ಚಳ ತೆಗೆದರೆ ಆಗಷ್ಟೇ ಮಾಡಿದ ಹಾಗಿರುತ್ತದೆ.

ಬಾಳೆಲೆ ಒಯ್ಯಿರಿ, ತೊಳೆಯುವ ಕೆಲಸವಿಲ್ಲ. ಆದರೆ ಎಲೆಯನ್ನೂ ಅಲ್ಲೇ ಬಿಡಬೇಡಿ. ಒಂದು ಖಾಲಿ ಅಕ್ಕಿಚೀಲ ಕಾರಿನಲ್ಲಿರಲಿ, ಎಂಜಲು, ಪ್ಲಾಸ್ಟಿಕ್ಕು ಎಲ್ಲ ಅದಕ್ಕೆ. ಕುಡಿಯುವ ನೀರು ಹತ್ತು ಜನಕ್ಕೆ 20 ಲೀಟರಿನ ಒಂದು ಕ್ಯಾನ್. ಕಣ್ಣೆದುರು ಇಷ್ಟು ನೀರಿದೆ ಎಂದು ಅದನ್ನು ಕುಡಿಯಬೇಡಿ.

6. ಜಮಖಾನ ಎಲ್ಲಿ, ಕಾರು ಎಲ್ಲಿ

ಅದೊಂದು ಫೆಬ್ರುವರಿ. ಭಾವ ಹೊಸ ಕಾರು ತಂದಿದ್ದರು. ನೀರು ಇಳಿದು ಹೋಗಿದ್ದ ಬಯಲು ಒಣಗಿ, ಮೇಲೆ ಬಿರುಕು ಬಿಟ್ಟು, ಹಪ್ಪಳದ ಹಾಗೆ ಕಾಣುತ್ತಿತ್ತು. ಬೈಕಿನ ಗುರುತೂ ಇತ್ತು. "ಗಟ್ಟಿ ಇದೆ, ನೀರಿನ ಹತ್ತಿರವೇ ಹೋಗೋಣ" ಎಂದರು ಭಾವ. ನಾನು ಬೇಡ ಎನ್ನಬೇಕಿತ್ತು, ಊಟದ ಪಾತ್ರೆ ಹೊರುವುದು ತಪ್ಪುತ್ತದಲ್ಲ ಎಂದು ಸುಮ್ಮನಿದ್ದೆ. ಮೂವತ್ತು ಮಾರು ಹೋಗಿರಬಹುದು. ಹಪ್ಪಳ ಮುರಿದ ಸದ್ದೇ ಬಂತು. ಮೇಲಿನ ನಾಲ್ಕು ಬೆರಳು ಮಾತ್ರ ಒಣಗಿತ್ತು, ಅದರಡಿ ಇಡ್ಲಿ ಹಿಟ್ಟಿನಂಥ ಹೂಳು. ಗಾಲಿ ತಿರುಗಿಸಿದಷ್ಟೂ ಇಳಿಯಿತು. ಕೊನೆಗೆ ಹತ್ತಿರದ ಹಳ್ಳಿಯಿಂದ ಟ್ರ್ಯಾಕ್ಟರ್ ಬಂತು. ಅದನ್ನು ತಂದ ಹಿರಿಯರು ಹಗ್ಗ ಕಟ್ಟುತ್ತಾ, "ಎಂತ ಮಾರಾಯ್ರೆ, ಹೊಳೆಯೊಳಗೆ ಕಾರು ಇಳ್ಸಿದ್ರಾ?" ಎಂದರು. ಅವರ ಕಣ್ಣಿಗೆ ನಾವು ನಿಂತಿದ್ದದ್ದು ಹೊಳೆಯೊಳಗೇ. ನೀರು ಆ ತಿಂಗಳು ಅಲ್ಲಿರಲಿಲ್ಲ, ಅಷ್ಟೇ.

ಆಮೇಲಿಂದ ನಮ್ಮ ನಿಯಮ: ಕಾರು ಮರಗಳ ಸಾಲು ದಾಟಿ ಕೆಳಗಿಳಿಯಬಾರದು. ಹಿನ್ನೀರಿನ ಸುತ್ತ ಕಾಡು ಮುಗಿದು ಬೋಳು ನೆಲ ಶುರುವಾಗುವ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಅದೇ ತುಂಬಿದ ಮಟ್ಟದ ಗೆರೆ, ಅದರ ಕೆಳಗಿನದ್ದೆಲ್ಲ ನೀರಿನ ಆಸ್ತಿ. ವಾಪಸು ಹೊರಡುವ ಕಡೆಗೆ ಮುಖ ಮಾಡಿ ನಿಲ್ಲಿಸಿ, ಕೀಲಿ ಯಾರ ಹತ್ತಿರ ಇದೆ ಎಂದು ಎಲ್ಲರಿಗೂ ತಿಳಿದಿರಲಿ.

ಜಮಖಾನವನ್ನು ಮರದ ನೆರಳಿಗೆ ಹಾಸಿ, ಆದರೆ ತರಗೆಲೆಯ ರಾಶಿಯ ಮೇಲೆ ಬೇಡ. ಅಡಿಗೊಂದು ತಾಡಪಾಲು ಹಾಕಿ. ಕೂತಲ್ಲಿಂದ ಮಕ್ಕಳು ಆಡುವ ನೀರಿನ ಅಂಚು ಅಡ್ಡವಿಲ್ಲದೆ ಕಾಣಬೇಕು. ಕಾಣದಿದ್ದರೆ ಜಾಗ ಎಷ್ಟೇ ಚೆನ್ನಾಗಿರಲಿ, ಬದಲಿಸಿ.

7. ಮಕ್ಕಳು ನೀರಿಗಿಳಿಯುವ ಮುನ್ನ

ಇದನ್ನು ನಿಧಾನವಾಗಿ ಓದಿ.

ನೀವು ನೋಡುತ್ತಿರುವ ನೀರಿನ ಅಡಿಯಲ್ಲಿ ಮರಳಿಲ್ಲ, ಊರುಗಳಿವೆ. ಸಾವಿರಾರು ಕುಟುಂಬಗಳ ಮನೆ, ಗದ್ದೆ, ಅಡಿಕೆ ತೋಟ ಮುಳುಗಿದ ಜಾಗ ಇದು. ಶರಾವತಿ ಮುಳುಗಡೆಯವರ ಜಮೀನಿನ ಹಕ್ಕಿನ ಜಗಳ ಇಷ್ಟು ವರ್ಷವಾದರೂ ಶಿವಮೊಗ್ಗ ಜಿಲ್ಲೆಯಲ್ಲಿ ಮುಗಿದಿಲ್ಲ. ಅದೊಂದು ದೊಡ್ಡ ಕಥೆ. ನೀರಿಗಿಳಿಯುವ ಮಗುವಿನ ಮಟ್ಟಿಗೆ ಅದರ ಅರ್ಥ ಏನೆಂದರೆ, ಅಡಿಯ ನೆಲ ಮನುಷ್ಯರು ಕಡಿದು ಕಟ್ಟಿದ ನೆಲ. ಘಟ್ಟದ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿರುತ್ತವೆ. ಒಂದು ಗದ್ದೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಇಪ್ಪತ್ತು ಹೆಜ್ಜೆ ಸಲೀಸಾಗಿ ನಡೆಯುತ್ತೀರಿ, ಅಂಚು ದಾಟಿದ ತಕ್ಷಣ ಮುಂದಿನ ಗದ್ದೆ ಮೂರಡಿ ಕೆಳಗೆ. ಮೊಣಕಾಲುದ್ದವಿದ್ದದ್ದು ಒಂದೇ ಹೆಜ್ಜೆಗೆ ಎಂಟು ವರ್ಷದ ಮಗುವಿನ ತಲೆ ಮುಳುಗುವಷ್ಟು. ತೋಟವಿದ್ದ ಕಡೆ ಬಸಿಗಾಲುವೆಗಳು, ಮನೆ ಇದ್ದ ಕಡೆ ಬಾವಿ, ರಸ್ತೆ ಇದ್ದ ಕಡೆ ಕಡಿದ ಧರೆ. ಎಲ್ಲದರ ಮೇಲೂ ಜಾರುವ ಹೂಳು. ಮೇಲಿನಿಂದ ಯಾವುದೂ ಕಾಣುವುದಿಲ್ಲ.

ಆದ್ದರಿಂದ ಮಕ್ಕಳಿಗಿಂತ ಮೊದಲು ಈಜು ಬರುವ ದೊಡ್ಡವರೊಬ್ಬರು ಉದ್ದ ಕೋಲು ಹಿಡಿದು ಇಳಿಯಬೇಕು. ಮುಂದಿನ ಹೆಜ್ಜೆ ಇಡುವ ಮೊದಲು ಕೋಲು ಊರಿ ನೋಡುವುದು. ಕೋಲು ಇದ್ದಕ್ಕಿದ್ದಂತೆ ಇಳಿಯಿತೋ, ಅಲ್ಲಿಂದ ನಾಲ್ಕು ಹೆಜ್ಜೆ ಹಿಂದೆ ಬಂದು ಎರಡು ಕಡ್ಡಿ ನೆಟ್ಟು, ಅತ್ತಿಗೆಯ ಕೆಂಪು ದುಪಟ್ಟಾವನ್ನೋ ಹಗ್ಗವನ್ನೋ ಕಟ್ಟಿ. ಅದೇ ಗಡಿ. ನಾವು ಹೀಗೆ ಮಾಡಲು ಹಿಡಿಯುವುದು ಹದಿನೈದು ನಿಮಿಷ. ಮಕ್ಕಳು ಅಷ್ಟು ಹೊತ್ತು ಗೊಣಗುತ್ತವೆ, ಗೊಣಗಲಿ.

ಚಪ್ಪಲಿ ಬಿಚ್ಚಿಸಬೇಡಿ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಕೊಂಡೇ ನೀರಿಗೆ. ಕೆಸರಿನಲ್ಲಿ ಮರದ ಕೂಳೆಗಳು ಚೂಪಾಗಿರುತ್ತವೆ. ಯಾರೋ ಕುಡಿದು ಒಡೆದ ಬಾಟಲಿಯ ಚೂರುಗಳೂ ಇರುತ್ತವೆ.

ಕಾವಲಿಗೆ ಒಬ್ಬರು. "ಎಲ್ಲರೂ ನೋಡ್ತಿದೀವಲ್ಲ" ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಲೆಕ್ಕ. ನಮ್ಮಲ್ಲಿ ಅರ್ಧ ಗಂಟೆಗೊಬ್ಬರ ಪಾಳಿ. ಪಾಳಿಯವರ ಕೊರಳಲ್ಲಿ ಸೀಟಿ, ಕೈಯಲ್ಲಿ ಮೊಬೈಲ್ ಇಲ್ಲ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ, ಸದ್ದಿಲ್ಲ. ಗಲಾಟೆ ಮಾಡುತ್ತಿರುವವನಿಗಿಂತ ಸುಮ್ಮನಾದವನ ಕಡೆ ಕಣ್ಣಿಡಿ.

ಯಾರಾದರೂ ಆಳಕ್ಕೆ ಸಿಕ್ಕಿಕೊಂಡರೆ ಹಿಂದೆಯೇ ಹಾರಬೇಡಿ. ಹಿನ್ನೀರಿನಲ್ಲಿ ಒಬ್ಬರ ಬದಲು ಇಬ್ಬರು ಮೂವರು ಹೋಗುವುದು ಹೀಗೇ. ಐದು ಲೀಟರಿನ ಖಾಲಿ ಕ್ಯಾನಿಗೆ ಮುಚ್ಚಳ ಬಿಗಿದು, ಹಿಡಿಗೆ ಮೂವತ್ತಡಿ ಹಗ್ಗ ಕಟ್ಟಿ ಮೊದಲೇ ದಡದಲ್ಲಿಡಿ. ಎಸೆದರೆ ಹೋಗುವಷ್ಟು ಭಾರ ಬರಲು ಒಳಗೆ ಒಂದೆರಡು ಲೋಟ ನೀರಿರಲಿ. ಅದನ್ನು ಎಸೆದು ಎಳೆಯಿರಿ. ಮೇಲೆ ತಂದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗೆ ಮಾಡಿ ತಿರುಗಿಸುವುದು ಬೇಡ, ಅದರಿಂದ ಹೊತ್ತು ಹಾಳು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆಯ ನಡುಭಾಗ ಒತ್ತಿ: 30 ಒತ್ತು, 2 ಉಸಿರು, ನಿಲ್ಲಿಸದೆ. ಇನ್ನೊಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ. ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಬಂದ ಕೂಡಲೇ ನೋಡಿಟ್ಟುಕೊಂಡಿದ್ದರೆ ಆಗ ಓಡಾಡುವುದು ತಪ್ಪುತ್ತದೆ.

8. ದೋಣಿ, ತೆಪ್ಪ

ದಡದಲ್ಲಿ ಮೀನುಗಾರರ ತೆಪ್ಪ ಕಂಡರೆ ನೂರು ರೂಪಾಯಿ ಕೊಟ್ಟು ಸುತ್ತು ಹೊಡೆಯೋಣ ಎನ್ನಿಸುತ್ತದೆ. ಬೇಡ. ಅದು ಒಬ್ಬಿಬ್ಬರು ಬಲೆ ಹಾಕಲು ಹೋಗುವ ತೆಪ್ಪ. ಒಬ್ಬರು ಫೋಟೋಕ್ಕೆಂದು ಎದ್ದು ನಿಂತರೆ ಸಾಕು.

ಶಿಬಿರದ ದೋಣಿಯಾದರೂ ಲೈಫ್ ಜಾಕೆಟ್ ಅಳತೆ ನೀವೇ ನೋಡಿ. ಹಾಕಿ, ಬಕಲ್ ಎಲ್ಲ ಬಿಗಿದು, ಮಗುವಿನ ಎರಡೂ ಭುಜದ ಹತ್ತಿರ ಜಾಕೆಟ್ ಹಿಡಿದು ಮೇಲಕ್ಕೆತ್ತಿ. ಮಗುವೂ ಜೊತೆಗೆ ಎದ್ದರೆ ಸರಿ. ಜಾಕೆಟ್ ಮಾತ್ರ ಕಿವಿಯವರೆಗೆ ಬಂತೆಂದರೆ ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಬೇರೆ ಕೊಡಿ ಎನ್ನಿ. ಇಲ್ಲ ಎಂದರೆ ಆ ಮಗು ದಡದಲ್ಲೇ ಇರಲಿ, ಅತ್ತರೂ ಪರವಾಗಿಲ್ಲ.

9. ಉಂಬಳ, ಉಣುಗು

ಉಂಬಳ, ಅಂದರೆ ಜಿಗಣೆ, ನವೆಂಬರಿನವರೆಗೂ ಇರುತ್ತದೆ. ಅದಕ್ಕೆ ಹೆದರುವುದು ಬೇಡ, ರಕ್ತ ಕುಡಿಯುತ್ತದೆ, ರೋಗ ಬಿಟ್ಟು ಹೋಗುವುದಿಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಕಾಲುಚೀಲಕ್ಕೆ ಸುಣ್ಣವನ್ನೋ ಹೊಗೆಸೊಪ್ಪು ನೆನೆಸಿದ ನೀರನ್ನೋ ಹಚ್ಚುವುದು ನಮ್ಮ ಕಡೆಯ ರೂಢಿ. ಕಚ್ಚಿದ್ದರೆ ಎಳೆದು ಕೀಳಬೇಡಿ. ಬಾಯಿಯ ಬುಡಕ್ಕೆ ಉಗುರು ಕೊಟ್ಟು ಪಕ್ಕಕ್ಕೆ ಮೀಟಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತದೆ, ಹಾಗಾಗಿ ಬಹಳ ಹೊತ್ತು ಸೋರುತ್ತದೆ. ಸೋಪು ಹಾಕಿ ತೊಳೆದು ಬಟ್ಟೆ ಒತ್ತಿ ಹಿಡಿದರೆ ಸಾಕು.

ಉಣುಗು ಹಾಗಲ್ಲ. ಮಂಗನ ಕಾಯಿಲೆ ನಮ್ಮ ಜಿಲ್ಲೆಯದೇ; 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದರಿಂದ ಕೆಎಫ್‌ಡಿ ಅಂದರೆ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಎಂಬ ಹೆಸರು ಬಂತು. 2018ರ ಕೊನೆಯಲ್ಲಿ ಶುರುವಾಗಿ 2019ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜನ ಸತ್ತರು. ಡಿಸೆಂಬರಿನಿಂದ ಮೇವರೆಗೆ, ಒಣ ಕಾಡಿನಲ್ಲಿ, ಎಳ್ಳಿನ ಕಾಳಿಗಿಂತ ಸಣ್ಣ ಉಣುಗಿನಿಂದ ಬರುತ್ತದೆ. ಆ ತಿಂಗಳುಗಳಲ್ಲಿ ಬಂದರೆ ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾಯಿಲೆ ಎಲ್ಲಿದೆ ಎಂದು ವಿಚಾರಿಸಿ, ಇರುವ ಕಡೆ ಹೋಗಬೇಡಿ. ಕಾಡಂಚಿನ ಜನರಿಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಉಣುಗು ಹತ್ತದ ಹಾಗೆ ಕೈಕಾಲಿಗೆ ಸವರಿಕೊಳ್ಳಲಿಕ್ಕೆ. ತರಗೆಲೆಯ ಮೇಲೆ ಮಲಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ತಿಳಿಸಿ. ಊರಿಗೆ ಹೋದ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ "ಸಾಗರದ ಕಾಡಿಗೆ ಹೋಗಿದ್ದೆವು" ಎಂದು ಹೇಳಲೇಬೇಕು. ಬೆಂಗಳೂರಿನ ಡಾಕ್ಟರಿಗೆ ಅದು ತಾನಾಗಿ ಹೊಳೆಯಬೇಕೆಂದೇನೂ ಇಲ್ಲ.

10. ಹೊರಡುವಾಗ

ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ, ಕಾಡಿನ ರಸ್ತೆಯಲ್ಲಿ ಅದಕ್ಕೂ ಮೊದಲೇ ಕತ್ತಲು. ಕಾಟಿಗಳು, ಅಂದರೆ ಕಾಡುಕೋಣಗಳು, ರಸ್ತೆ ದಾಟುವ ಹೊತ್ತೂ ಅದೇ. ಒಂದು ಕಾಟಿ ದಾಟಿತೆಂದು ಗಾಡಿ ಬಿಡಬೇಡಿ, ಹಿಂದೆ ಇನ್ನೂ ನಾಲ್ಕಿರುತ್ತವೆ. ತಲೆ ಎಣಿಸಿ, ಚೀಲ ಎಣಿಸಿ, ಅಕ್ಕಿಚೀಲದ ಬಾಯಿ ಕಟ್ಟಿ. ಒದ್ದೆ ಬಟ್ಟೆ, ಕಾಲುಚೀಲಗಳನ್ನು ಬೇರೆ ಕವರಿನಲ್ಲಿ ಹಾಕಿ ಗಂಟು ಬಿಗಿಯಿರಿ. ಹಾಗೆ ಮಾಡದ ವರ್ಷ ಅತ್ತಿಗೆ ಬೆಂಗಳೂರಿಗೆ ಹೋಗಿ ವಾಷಿಂಗ್ ಮೆಷಿನ್ ಮುಚ್ಚಳದ ಮೇಲೆ ಉಂಬಳ ಕಂಡು ಕಿರುಚಿದ್ದು ಫೋನಿನಲ್ಲಿ ನನಗೂ ಕೇಳಿಸಿತ್ತು.

ಒಂದು ಕೆಲಸ ಮಾತ್ರ ಬೆಳಿಗ್ಗೆಯೇ ಮಾಡಿಟ್ಟಿರಬೇಕು. ದಡಕ್ಕೆ ಬಂದ ಕೂಡಲೇ ಮಕ್ಕಳ ಕೈಗೆ ಒಂದು ಕಡ್ಡಿ ಕೊಟ್ಟು, ನೀರು ನೆಲ ಮುಟ್ಟುವ ಗೆರೆಯಲ್ಲಿ ಸರಿಯಾಗಿ ಊರಿಸಿ. ಗಾಳಿಯಿಲ್ಲದ ಹೊತ್ತಲ್ಲಿ, ಚಪ್ಪಟೆ ದಡವಿದ್ದ ಕಡೆ. ಹೋದ ಡಿಸೆಂಬರಿನಲ್ಲಿ ಅತ್ತಿಗೆಯ ಚಿಕ್ಕ ಮಗ ಸಂಜೆ ಓಡಿ ಹೋಗಿ ನೋಡಿ ಬಂದ. ಕಡ್ಡಿಗೂ ನೀರಿಗೂ ನಡುವೆ ಒಂದು ಮೊಳ ಒದ್ದೆ ನೆಲ. "ಅತ್ತೆ, ಯಾರೋ ನನ್ನ ಕಡ್ಡಿ ಕಿತ್ತು ಮೇಲೆ ನೆಟ್ಟಿದಾರೆ" ಎಂದ. ಆ ಒಂದು ಮೊಳ ನೀರು ಆಗಲೇ ಘಟ್ಟ ಇಳಿದು, ಯಾರದ್ದೋ ಮನೆಯ ಫ್ಯಾನು ತಿರುಗಿಸುತ್ತಿದೆ ಎಂದು ಕಾರಿನಲ್ಲಿ ಅವನಿಗೆ ಹೇಳುತ್ತಾ ಬಂದೆ. ಸೇತುವೆ ದಾಟುವುದರೊಳಗೆ ನಿದ್ದೆ ಹೋಗಿದ್ದ.